ಏಳನೇ ಮನೆಗೆ ದಾಳವಿಲ್ಲ

ಹೋದ ವಾರ ಸಾಗರದ ಬಸ್ ನಿಲ್ದಾಣದಲ್ಲಿ ನಾನು ಗುರುತಿಲ್ಲದ ಹೆಂಗಸೊಬ್ಬರ ಚೀಲ ಎತ್ತಿಕೊಂಡು ನಡೆದೆ. ಬ್ಯಾಕೋಡಿನ ಬಸ್ಸು ಮಾಮೂಲಿ ಜಾಗ ಬಿಟ್ಟು ಆಚೆ ತುದಿಯಲ್ಲಿ ನಿಂತಿತ್ತು. ಕಾಯುತ್ತಿದ್ದವರೆಲ್ಲ ಆ ಕಡೆ ಹೊರಟರು. ನನ್ನ ಬಲಗೈಯಲ್ಲಿ ನನ್ನ ಚೀಲವಿತ್ತು, ಎಡಗೈಯಲ್ಲಿ ಪಕ್ಕದವರದು. ಹತ್ತು ಹೆಜ್ಜೆ ಹೋಗಿರಬಹುದು.

"ಏಯ್, ಅದು ನಂದು. ಎಲ್ಲಿಗೆ ತಗಂಡು ಹೋಗ್ತಿದೀರಿ?"

"ಕದಿಯೋಕಲ್ಲ. ಮುಂದೆ ಇಡೋಣ ಅಂತ."

"ಮುಂದೆ ಇಡಿ ಅಂತ ನಾ ಹೇಳಿದ್ನಾ?"

ಅವರು ಚೀಲ ಕಿತ್ತುಕೊಂಡು ಜಿಪ್ಪು ಎಳೆದು ಒಳಗೆ ಕೈಯಾಡಿಸಿ ನೋಡಿದರು. ಬಸ್ಸಿನಲ್ಲಿ ನನ್ನ ಪಕ್ಕ ಜಾಗ ಖಾಲಿಯಿದ್ದರೂ ಹಿಂದಿನ ಸೀಟಿಗೆ ಹೋಗಿ ಕೂತರು. ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಈಚೆಗೆ ಆಗಬೇಕಾದದ್ದು ಆಗಬೇಕಾದ ಹೊತ್ತಿಗೆ ಆಗುತ್ತಿಲ್ಲ ಎನ್ನುವುದನ್ನಷ್ಟೇ ಗಮನಿಸಿದೆ.

ಕೈಗೆ ಆ ಅಭ್ಯಾಸ ಹತ್ತಿದ್ದು ಹಿನ್ನೀರು ದಾಟಿಸುವ ಲಾಂಚು ಓಡಿದ ಕೊನೆಯ ಬೇಸಿಗೆಯಲ್ಲಿ. ಆಗ ನಾನು ಸಾಗರದಲ್ಲಿ ಕೋಣೆ ಹಿಡಿದು, ಹಿನ್ನೀರಿನ ಆಚೆ ದಡದ ಕಾಲೇಜೊಂದಕ್ಕೆ ಅತಿಥಿ ಉಪನ್ಯಾಸಕಿಯಾಗಿ ದಿನವೂ ಹೋಗಿ ಬರುತ್ತಿದ್ದೆ. ಸೇತುವೆಯ ಕೆಲಸ ಮುಗಿಯುತ್ತ ಬಂದಿತ್ತು. ದಾಟುವುದು ಮಾತ್ರ ಇನ್ನೂ ಲಾಂಚಿನಲ್ಲೇ. ಆ ಬೇಸಿಗೆಯ ಬಗ್ಗೆ ಬರೆಯಲು ನನ್ನ ಹತ್ತಿರ ನೆನಪೂ ಇದೆ, ಆಗ ಬರೆದ ದಿನಚರಿಯೂ ಇದೆ. ನೆನಪನ್ನು ನಾನು ಮೊದಲಿನಿಂದಲೂ ನಂಬಿದವಳಲ್ಲ, ಅದಕ್ಕೇ ದಿನಚರಿ ಇಟ್ಟದ್ದು. ಈಗ ದಿನಚರಿಯಲ್ಲೂ ಒಂದು ಸುಳ್ಳಿದೆ ಎಂದು ಗೊತ್ತಾಗಿದೆ. ಆದ್ದರಿಂದ ಯಾವುದು ಎಲ್ಲಿಂದ ಬಂತೆಂದು ಆದಷ್ಟು ಹೇಳುತ್ತ ಹೋಗುತ್ತೇನೆ.

ನೀರು ಬಹಳ ಇಳಿದಿತ್ತು. ಇದು ದಿನಚರಿಯಲ್ಲಿದೆ. ದಡ ದಿನಕ್ಕಿಷ್ಟು ದೂರ ಸರಿಯುತ್ತ, ಕೆಂಪು ಕೆಸರು ಒಣಗಿ ಬಿರಿದು, ಅದರೊಳಗಿಂದ ಹಳೆಯ ಮರದ ಬೊಡ್ಡೆಗಳು ಕಪ್ಪಗೆ ಎದ್ದು ನಿಂತಿದ್ದವು. ಒಂದು ಕಡೆ, ಅರವತ್ತು ವರ್ಷದ ಹಿಂದೆ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಗಾಡಿ ರಸ್ತೆ ಕಾಣಿಸಿಕೊಂಡಿತು. ಸ್ವಲ್ಪ ದೂರ ಬಂದು ನೀರಿನೊಳಗೆ ಇಳಿದು ಹೋಗುವ ರಸ್ತೆ. ನೀರು ಕಡಿಮೆ ಎಂದು ಲಾಂಚಿಗೆ ಬಸ್ಸು ಕಾರು ಹತ್ತಿಸುವುದನ್ನು ನಿಲ್ಲಿಸಿದ್ದರು. ಒಂದು ಸಲಕ್ಕೆ ಇಷ್ಟೇ ಜನ. ಹಾಗಾಗಿ ಸಂಜೆ ಆಚೆ ದಡದಿಂದ ಸಾಗರಕ್ಕೆ ಮರಳುವವರು ಸಾಲು ನಿಲ್ಲಬೇಕಾಯಿತು. ಆ ಬಿಸಿಲಿನಲ್ಲಿ ಜನ ನಿಲ್ಲುತ್ತಿರಲಿಲ್ಲ, ಅವರ ಚೀಲಗಳು ನಿಲ್ಲುತ್ತಿದ್ದವು. ಇಳಿಜಾರಿನಲ್ಲಿ ಒಂದರ ಹಿಂದೊಂದು ಚೀಲ, ಕೊಡೆ, ಹಾಲಿನ ಕ್ಯಾನು. ಜನ ತಗಡಿನ ಶೆಡ್ಡಿನ ನೆರಳಲ್ಲಿ. ಒಂದು ಲಾಂಚು ಹೋದರೆ ಸಾಲು ಮುಂದಕ್ಕೆ ಸರಿಯಬೇಕು. ಆಗ ಎಲ್ಲರೂ ಎದ್ದು ಬಿಸಿಲಿಗೆ ಹೋಗುತ್ತಿರಲಿಲ್ಲ. ಯಾರು ಎದ್ದರೋ ಅವರು ತಮ್ಮ ಚೀಲದ ಜೊತೆ ಪಕ್ಕದ ಚೀಲವನ್ನೂ ಮುಂದಿಡುವುದು. ಯಾರೂ ಹೇಳಿ ಮಾಡಿದ ನಿಯಮವಲ್ಲ. ಚೀಲ ಇದ್ದರೆ ಆಳು ಇದ್ದ ಹಾಗೆ.

ಆ ಶೆಡ್ಡಿನ ಒಂದು ಬೆಂಚು ನಮ್ಮ ನಾಲ್ವರದಾಯಿತು. ಪಶುವೈದ್ಯ ಪರಿವೀಕ್ಷಕ ಹರೀಶ, ತೀರ್ಥಹಳ್ಳಿ ಕಡೆಯವರು, ಮೂವತ್ತೈದರ ಆಸುಪಾಸು, ಬಾಯಿ ಮುಚ್ಚಿ ಕೂರಲಾರದವರು. ಶಾಖಾ ಅಂಚೆ ಕಚೇರಿಯ ಗಣಪತಣ್ಣ, ನಿವೃತ್ತಿಗೆ ಹತ್ತಿರ, ಒಂದು ಕಾಲದಲ್ಲಿ ತಾಳಮದ್ದಳೆಯಲ್ಲಿ ಪ್ರಸಂಗದ ಪದ್ಯಗಳಿಗೆ ಕೂತಲ್ಲೇ ಮಾತು ಕಟ್ಟಿ ಅರ್ಥ ಹೇಳುತ್ತಿದ್ದವರು. ಆರೋಗ್ಯ ಉಪಕೇಂದ್ರದ ನರ್ಸು ಸುಮಿತ್ರಕ್ಕ, ನನಗಿಂತ ಹದಿನೈದು ವರ್ಷ ದೊಡ್ಡವರು, ನೀಲಿ ವೈರಿನಲ್ಲಿ ತಾವೇ ಹೆಣೆದ ಚೀಲ ಹಿಡಿದು ಬರುತ್ತಿದ್ದರು. ಸಾಲಿನಲ್ಲಿ ನನ್ನ ಚೀಲದ ಪಕ್ಕ ಯಾವಾಗಲೂ ಆ ನೀಲಿ ಚೀಲ. ಅದನ್ನು ಮುಂದಿಡುವುದು ನನ್ನ ಕೆಲಸ.

ಆಟ ತಂದದ್ದು ಹರೀಶ. ಯಾರೋ ನೆಂಟರ ಮನೆಯಿಂದ ಒಂದು ಡಬ್ಬಿ ದಾಳ ತಂದಿದ್ದರು. ನಮ್ಮ ಪಗಡೆಯವಲ್ಲ. ಎಂಟು ಮುಖದವು, ಹನ್ನೆರಡು ಮುಖದವು, ಇಪ್ಪತ್ತು ಮುಖದವು.

"ಬೋರ್ಡು ಎಲ್ಲಿ?" ಎಂದರು ಗಣಪತಣ್ಣ.

"ಬೋರ್ಡೇ ಇಲ್ಲ ಗಣಪತಣ್ಣ. ಒಬ್ರು ಕಥೆ ನಡೆಸ್ಬೇಕು. ಉಳಿದೋರು ಒಬ್ಬೊಬ್ಬರು ಒಂದೊಂದು ಪಾತ್ರ. ನಾನು ಬಾಗಿಲು ಒಡೀತೀನಿ ಅಂತ ಹೇಳ್ತೀನಿ. ಒಡೀತೋ ಇಲ್ವೋ ದಾಳ ಹೇಳ್ತದೆ."

"ಇದು ತಾಳಮದ್ದಳೆನೇ ಅಲ್ದ? ದಾಳ ಒಂದು ಹೆಚ್ಗೆ."

"ಹಾಗೇ ಅಂದ್ಕಳಿ. ಇಲ್ಲಿ ನಿಮ್ಮ ಕೃಷ್ಣನೂ ಸೋಲ್ಬೋದು."

ಡಬ್ಬಿಯ ಜೊತೆ ಬಂದ ಇಂಗ್ಲಿಷ್ ಪುಸ್ತಕದಲ್ಲಿ ಹಿಮ, ಕೋಟೆ, ಬೆಂಕಿ ಉಗುಳುವ ಪ್ರಾಣಿಗಳಿದ್ದವು. ಎರಡು ದಿನ ಆಡಿದೆವು, ಯಾರಿಗೂ ರುಚಿಸಲಿಲ್ಲ. ಮೂರನೆಯ ದಿನ ಗಣಪತಣ್ಣ ಆ ಹಳೆಯ ಗಾಡಿ ರಸ್ತೆ ತೋರಿಸಿ, "ಅದರ ಕೊನೇಲಿ ಒಂದು ಊರಿದೆ ಅಂದ್ಕಳಿ. ಹನ್ನೆರಡು ದಿನದಲ್ಲಿ ನೀರು ಬಂದು ಊರು ಮುಳುಗ್ತದೆ. ಮನೆಗೊಂದು ಗಾಡಿ. ಎಂತ ಏರಿಸ್ತೀರಿ, ಎಂತ ಬಿಡ್ತೀರಿ?" ಎಂದರು. ಊರಿಗೆ ಹೊನ್ನೆಬೈಲು ಎಂದು ಹೆಸರಿಟ್ಟೆವು. ನಮ್ಮ ಆಟ ಹೀಗೆ ಹುಟ್ಟಿತು. ಅವರು ಹಾಗಂದದ್ದು ಮೂರನೆಯ ದಿನವೋ ಐದನೆಯ ದಿನವೋ, ದಿನಚರಿಯಲ್ಲಿಲ್ಲ.

ಆ ಕಡೆಯವರಿಗೆ ಮುಳುಗಡೆ ಎನ್ನುವುದು ಕಥೆಯಲ್ಲ. ಆದರೂ ಆಟದಲ್ಲಿ ನಾವು ಬಹಳ ನಕ್ಕೆವು. ಹರೀಶ ಒಂದು ಸಲ ಗಾಡಿ ತುಂಬ ನೇಗಿಲು, ನೊಗ, ಹಗ್ಗ ಏರಿಸಿ, "ಇನ್ನು ಹೆಂಡ್ತಿಗೆ ಜಾಗ ಇಲ್ಲ" ಎಂದರು.

"ನೇಗಿಲು ಅನ್ನ ಬೇಯಿಸ್ತದಾ?" ಎಂದರು ಸುಮಿತ್ರಕ್ಕ.

"ಬೇಯಿಸಲ್ಲ. ಆದ್ರೆ ಹಿಂಗೆ ಕೇಳೋದೂ ಇಲ್ಲ."

ಯಾರಾದರೂ ಎದ್ದು ಹೋಗಬೇಕಾದರೆ ಆಟ ನಿಲ್ಲುತ್ತಿರಲಿಲ್ಲ. ಅವರ ಚೀಲದ ಪಕ್ಕದವರು ಅವರ ಪರವಾಗಿ ದಾಳ ಹಾಕುವುದು. ಸಾಲಿನ ಪದ್ಧತಿ ಹಾಗೇ ಆಟಕ್ಕೂ ಬಂತು. ನಾನು ಸುಮಿತ್ರಕ್ಕನಿಗಾಗಿ ಎಷ್ಟೋ ಸಲ ದಾಳ ಹಾಕಿದ್ದೇನೆ. "ನಾನಿಲ್ದಾಗ ನಂಗೆ ಒಳ್ಳೇದು ಬೀಳ್ತದೆ ಮಾರಾಯ್ರೆ, ನೀವೇ ಹಾಕಿ," ಎನ್ನುತ್ತಿದ್ದರು.

ಊರಿಗೆ ಏಳು ಮನೆಗಳಾದವು. ಒಂದು ಮತ್ತು ಎರಡು ಗಣಪತಣ್ಣನವು. ಮೂರು ಮತ್ತು ನಾಲ್ಕು ಹರೀಶ ಕಟ್ಟಿದ್ದು. ಐದು, ಆರು ನನ್ನವು, ಎರಡೂ ಪುಸ್ತಕದಿಂದ ಎದ್ದು ಬಂದ ಹಾಗಿದ್ದವು. ಸುಮಿತ್ರಕ್ಕನದು ಏಳನೆಯದು ಒಂದೇ. ಅದನ್ನು ಅವರು ಒಮ್ಮೆಗೇ ಹೇಳಿಬಿಟ್ಟರು.

ಏಳನೇ ಮನೆಯವರು ಹಂಚು ಇಳಿಸಿದ್ದಾರೆ. ಬಾಗಿಲು, ಬಾಗಿಲ ಚೌಕಟ್ಟು ಕೂಡ ಕಿತ್ತು ಗಾಡಿಗೆ ಹಾಕಿದ್ದಾರೆ, ಹೊಸ ಜಾಗದಲ್ಲಿ ಬೇಕಲ್ಲ. ಗಾಡಿ ಹೊರಡುತ್ತದೆ. ಹಿಂದೆ ಕೂತಿದ್ದ ಒಂಬತ್ತು ವರ್ಷದ ಬಂಗಾರಿ ಇಳಿಯುತ್ತಾಳೆ.

"ಬಿದಿರಿನ ತಟ್ಟಿ ಕಟ್ಟಿ ಬರ್ತೀನಿ ಅಂತಾಳೆ," ಎಂದರು ಸುಮಿತ್ರಕ್ಕ.

"ಎಂತಕ್ಕೆ?"

"ಬಾಗಿಲಿಲ್ಲ ಅಲ್ದ. ನಾಯಿ ಒಳಗೆ ಹೋಗ್ತದೆ."

ಹರೀಶ ದಾಳಕ್ಕೆ ಕೈ ಹಾಕಿದರು. "ಹನ್ನೆರಡರ ಮೇಲೆ ಬಿದ್ರೆ ವಾಪಸ್ ಬಂದ್ಲು."

ಸುಮಿತ್ರಕ್ಕ ದಾಳದ ಮೇಲೆ ಅಂಗೈ ಮುಚ್ಚಿದರು. "ಇದಕ್ಕೆ ದಾಳ ಇಲ್ಲ. ಗಾಡಿ ಕಾಯ್ತದೆ."

"ಎಷ್ಟು ಹೊತ್ತು?"

"ಅವಳು ಬರ ತನಕ."

"ನೀರು?" ಎಂದರು ಗಣಪತಣ್ಣ.

"ನೀರೂ ಕಾಯ್ಲಿ."

ಗಣಪತಣ್ಣ ಅವರ ಮುಖ ನೋಡಿ, "ಆತು. ಏಳನೇ ಮನೆಗೆ ದಾಳ ಇಲ್ಲೆ," ಎಂದರು. ಹೊರಗಿನವರೊಡನೆ ಅವರು ಮನೆಮಾತು ಆಡುತ್ತಿರಲಿಲ್ಲ, ಅದಕ್ಕೇ ನನಗೆ ಆ ವಾಕ್ಯ ನೆನಪಿದೆ. ಅಂದಿನಿಂದ ಎಷ್ಟು ಸಲ ಆಡಿದರೂ ಬಂಗಾರಿ ಇಳಿಯುತ್ತಿದ್ದಳು, ಗಾಡಿ ಕಾಯುತ್ತಿತ್ತು, ಬಂಗಾರಿ ಬರುತ್ತಿದ್ದಳು. ಉಳಿದದ್ದಕ್ಕೆಲ್ಲ ದಾಳ.

ಕೆಲವು ದಿನ ಬಿಟ್ಟು ಲಾಂಚಿನ ಕಟಕಟೆಗೆ ಒರಗಿ ನಿಂತಿದ್ದಾಗ ಸುಮಿತ್ರಕ್ಕ ನನಗೊಬ್ಬಳಿಗೇ ಹೇಳಿದರು. "ಬಂಗಾರಿ ಅಂದ್ರೆ ನಮ್ಮ ಚಿಕ್ಕಿ. ಅಮ್ಮನ ತಂಗಿ. ಅವತ್ತು ಎರಡು ಗಾಡಿ ಇತ್ತಂತೆ. ಇವರು ಆ ಗಾಡೀಲಿದಾಳೆ ಅಂದ್ಕಂಡ್ರು. ಅವರು ಈ ಗಾಡೀಲಿ ಅಂದ್ಕಂಡ್ರು." ಎರಡು ದಿನ ಹುಡುಕಿದರಂತೆ, ಸಿಗಲಿಲ್ಲವಂತೆ. ಅಮ್ಮ ಇದನ್ನು ಜೀವಮಾನದಲ್ಲಿ ಒಂದೇ ಸಲ ಹೇಳಿದ್ದಂತೆ. ನಾನು ಏನೆಂದೆ ಎಂದು ನೆನಪಿಲ್ಲ. ಆ ದಿನದ ದಿನಚರಿಯಲ್ಲಿ ಸೆಖೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದೇನೆ, ಅಷ್ಟೇ.

ಆಟವನ್ನು ಪುಸ್ತಕ ಮಾಡೋಣ ಎಂದದ್ದು ನಾನು. ಸೇತುವೆಯಾದರೆ ಲಾಂಚು ಇರುವುದಿಲ್ಲ, ಕಾಯುವುದಿರುವುದಿಲ್ಲ, ಈ ಬೆಂಚೂ ಇರುವುದಿಲ್ಲ. ಹೊನ್ನೆಬೈಲು ಇನ್ನೊಮ್ಮೆ ಮುಳುಗುವುದು ಬೇಡ ಎಂದು ಭಾಷಣದ ಹಾಗೆ ಹೇಳಿದ್ದೆ. ವಿಶ್ವವಿದ್ಯಾಲಯದಲ್ಲಿ ನನ್ನ ಜೊತೆ ಓದಿದ ಶೈಲಜಾಗೆ ಪುಸ್ತಕದ ಹಕ್ಕುಗಳ ವಿಷಯ ಗೊತ್ತಿತ್ತು. ಅವಳು ಫೋನಿನಲ್ಲಿ ಬಿಡಿಸಿ ಹೇಳಿದಳು. ಆಟ ಆಡುವ ಕ್ರಮ ಯಾರ ಸೊತ್ತೂ ಆಗುವುದಿಲ್ಲ. ದಾಳ ಹಾಕಿ ಹನ್ನೆರಡು ದಿನ ಎಣಿಸುವುದನ್ನು ಯಾರು ಬೇಕಾದರೂ ಮಾಡಬಹುದು. ಆದರೆ ಅದನ್ನು ಬರೆದ ಮಾತು, ಕಟ್ಟಿದ ಊರು, ಪಾತ್ರ, ಚಿತ್ರ ಬರೆದವರದು. ಅದರಲ್ಲಿ ಯಾವುದನ್ನು ಎಲ್ಲರಿಗೂ ಬಿಡುತ್ತೀರಿ, ಯಾವುದನ್ನು ನಿಮಗೆಂದು ಇಟ್ಟುಕೊಳ್ಳುತ್ತೀರಿ ಎಂದು ಪುಸ್ತಕದಲ್ಲೇ ಬರೆಯಬೇಕು. ಬಿಟ್ಟದ್ದನ್ನು ಯಾರು ಬೇಕಾದರೂ ತೆಗೆದುಕೊಂಡು ಬದಲಿಸಿ ತಮ್ಮದರಲ್ಲಿ ಸೇರಿಸಬಹುದು, ನಿಮ್ಮ ಹೆಸರು ಹಾಕಿದರೆ ಸಾಕು. "ಒಂದ್ಸಲ ಬಿಟ್ರೆ ವಾಪಸ್ ಇಲ್ಲ ಕಣೇ," ಎಂದಿದ್ದಳು. ಇದು ದಿನಚರಿಯಲ್ಲಿದೆ, ಕೆಳಗೆ ಗೆರೆ ಎಳೆದಿದ್ದೇನೆ.

ಬೆಂಚಿನಲ್ಲಿ ಹೇಳಿದಾಗ ಗಣಪತಣ್ಣನಿಗೆ ತಕ್ಷಣ ಅರ್ಥವಾಯಿತು. "ಪ್ರಸಂಗ ಊರಿಗೆಲ್ಲ. ಅರ್ಥ ಆಡಿದವಂದು. ಆ ಅರ್ಥನೂ ಊರಿಗೇ ಬಿಡದಾ ಅಂತ ಕೇಳ್ತಿದೀರಿ, ಅಷ್ಟೇ ಅಲ್ದ?"

ಅಷ್ಟೇ ಆಗಿತ್ತು.

ತೀರ್ಮಾನ ಮಾಡಿದ್ದು ಒಂದು ಶನಿವಾರ. ದೇವಸ್ಥಾನಕ್ಕೆ ಬಂದವರ ಗುಂಪು ದೊಡ್ಡದಿತ್ತು. ನಮ್ಮ ಚೀಲಗಳು ಮೂರು ಲಾಂಚಿನಷ್ಟು ಹಿಂದಿದ್ದವು. ನಾನು ಒಂದು ಹಾಳೆಯಲ್ಲಿ ಏಳು ಮನೆಯ ಹೆಸರು ಬರೆದು, ಎದುರಿಗೆ "ಮುಕ್ತ", "ಕಾದಿರಿಸಿದ್ದು" ಎಂದು ಎರಡು ಕಾಲಂ ಮಾಡಿದ್ದೆ. ಗಣಪತಣ್ಣ ತಮ್ಮೆರಡನ್ನೂ ಮುಕ್ತ ಎಂದರು. "ನಂದು ಅಂತ ಇಟ್ಕಂಡು ನಾನೇನು ಉಪ್ಪಿನಕಾಯಿ ಹಾಕ್ಲಾ?" ಎಂದು ಹರೀಶ ತಮ್ಮದನ್ನೂ ಬಿಟ್ಟರು. ಅವರ ಎದುರು ನಾನು ನನ್ನದನ್ನು ಇಟ್ಟುಕೊಳ್ಳುತ್ತೇನೆ ಎನ್ನಲು ಹೇಗೆ ಸಾಧ್ಯ? ನಾಲ್ಕು ಜನರ ನಡುವೆ "ಇದು ನಂದು" ಎನ್ನುವುದು ನಮ್ಮಲ್ಲಿ ಸಣ್ಣತನ. ಉಳಿದದ್ದು ಏಳನೆಯದು. ಸುಮಿತ್ರಕ್ಕ ಇರಲಿಲ್ಲ. ಹೆರಿಗೆ ನೋವು ಶುರುವಾಗಿದೆ ಎಂದು ಜೀಪು ಬಂದು ಅವರನ್ನು ಕರೆದುಕೊಂಡು ಹೋಗಿತ್ತು. "ಚೀಲ ನೋಡ್ಕಳಿ, ಕೊನೇ ಲಾಂಚಿಗೆ ಬತ್ತೀನಿ," ಎಂದು ಹೋಗಿದ್ದರು. ಲಾಂಚು ಹತ್ತಿರ ಬಂದು ಹಾರ್ನ್ ಹಾಕಿತು.

"ಏಳನೇದು?" ಎಂದರು ಹಾಳೆಯಲ್ಲಿ ಗುರುತು ಹಾಕುತ್ತಿದ್ದ ಹರೀಶ.

"ಮುಕ್ತ ಅಂತ ಬರ್ಕೊಳ್ಳಿ," ಎಂದೆ. ಎದ್ದು ಹೋಗಿ ನನ್ನ ಚೀಲ ಮುಂದಿಟ್ಟೆ, ನೀಲಿ ಚೀಲವನ್ನೂ ಮುಂದಿಟ್ಟೆ.

ಆ ದಿನದ ದಿನಚರಿ: "ಏಳೂ ಮನೆ ಮುಕ್ತ. ನಾಲ್ವರೂ ಒಪ್ಪಿದೆವು."

ಪುಸ್ತಕ ಮಳೆಗಾಲದ ಮೊದಲ ವಾರಗಳಲ್ಲಿ ಸಾಗರದಲ್ಲಿ ಅಚ್ಚಾಯಿತು. ಮೂವತ್ತೆರಡು ಪುಟ. ಅಂತರಜಾಲದಲ್ಲೂ ಹಾಕಿದೆವು. ಹಿಂದಿನ ರಕ್ಷಾಪುಟದಲ್ಲಿ ನಾಲ್ವರ ಹೆಸರು, ಸಂಪಾದಕಿ ಎಂದು ನನ್ನ ಹೆಸರು ಇನ್ನೊಮ್ಮೆ. ಸುಮಿತ್ರಕ್ಕನ ಕೈಗೆ ಕೊಡುವಾಗ, "ಎಲ್ಲ ಮುಕ್ತ ಮಾಡಿದೀವಿ ಸುಮಿತ್ರಕ್ಕ, ಯಾರು ಬೇಕಾದ್ರೂ ಬಳಸ್ಬಹುದು," ಎಂದೆ. "ಹಾಂ," ಎಂದು ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನೀಲಿ ಚೀಲದಲ್ಲಿಟ್ಟುಕೊಂಡರು. ಹುಡುಗಿಯ ಹೆಸರು ಬದಲಿಸಬೇಕೇ ಎಂದು ಅದಕ್ಕೂ ಮೊದಲು ನಾನು ಅವರನ್ನು ಕೇಳಿದ್ದೆ ಎಂದು ನನಗೊಂದು ನೆನಪಿದೆ. ಅವರು ಬೇಡ ಎಂದ ನೆನಪೂ ಇದೆ. ನನಗೆ ಅನುಕೂಲವಾದ ನೆನಪುಗಳನ್ನು ನಾನೀಗ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆ ಮಳೆಗಾಲದಲ್ಲೇ ಸೇತುವೆ ತೆರೆಯಿತು. ನನಗೆ ತೀರ್ಥಹಳ್ಳಿಯಲ್ಲಿ ಕೆಲಸ ಸಿಕ್ಕಿತು. ಹರೀಶ ಹೊಸನಗರಕ್ಕೆ ವರ್ಗವಾದರು. ಗಣಪತಣ್ಣ ನಿವೃತ್ತರಾದರು. ಸುಮಿತ್ರಕ್ಕ ಮಾತ್ರ ಅಲ್ಲೇ, ಈಗ ಬಸ್ಸಿನಲ್ಲಿ ಸೇತುವೆ ದಾಟುತ್ತಿದ್ದರು.

ಮುಂದಿನ ವರ್ಷ ಹರೀಶ ನಮ್ಮ ಮೂವರಿಗೂ ಅಂತರಜಾಲದ ಒಂದು ಕೊಂಡಿ ಕಳಿಸಿದರು. ಜೊತೆಗೆ: "ನೋಡಿ ಸುಮಿತ್ರಕ್ಕ, ನಿಮ್ಮ ಬಂಗಾರಿ ಇಂಗ್ಲಿಷ್ ಕಲ್ತಿದಾಳೆ." ದೂರದ ರಾಜ್ಯದ ಒಂದು ಗುಂಪು ನಮ್ಮ ಆಟವನ್ನು ಅನುವಾದಿಸಿ ಬೆಳೆಸಿತ್ತು. ಒಳ್ಳೆಯ ಕಾಗದ, ಒಳ್ಳೆಯ ಚಿತ್ರ. ನಾವು ಪುಸ್ತಕದಲ್ಲಿ ಬರೆದ ಷರತ್ತಿನಂತೆ ನಮ್ಮ ನಾಲ್ವರ ಹೆಸರೂ ತಪ್ಪಿಲ್ಲದೆ ಇದ್ದವು. ಏಳನೇ ಮನೆಯಲ್ಲಿ ಅವರು ಒಂದೇ ಬದಲಾವಣೆ ಮಾಡಿದ್ದರು. ಬಂಗಾರಿ ಗಾಡಿಯಿಂದ ಇಳಿದಾಗ ಇಪ್ಪತ್ತು ಮುಖದ ದಾಳ ಹಾಕಬೇಕು. ಹದಿನೇಳಕ್ಕಿಂತ ಕಡಿಮೆ ಬಿದ್ದರೆ ಗಾಡಿ ಹೊರಟುಹೋಗುತ್ತದೆ. ಆಮೇಲೆ ನೀರು ಇಳಿದಾಗಲೆಲ್ಲ ಅವಳು ಮೇಲೆ ಬರುತ್ತಾಳೆ, ಆಟಗಾರರು ಅವಳನ್ನು ಎದುರಿಸಿ ಕೊಲ್ಲಬೇಕು. ಇಡೀ ಪುಟ ಚಿತ್ರವಿತ್ತು. ಅದನ್ನು ವರ್ಣಿಸುವುದಿಲ್ಲ.

ಎರಡು ದಿನದ ನಂತರ ಸುಮಿತ್ರಕ್ಕ ಫೋನು ಮಾಡಿದರು. ಮೊದಲು ತೀರ್ಥಹಳ್ಳಿಯ ಮಳೆ ಕೇಳಿದರು, ನನ್ನ ಬೆನ್ನುನೋವು ಕೇಳಿದರು.

"ಮೇಡಂ, ಅದು ತೆಗೀರಿ ಅಂತಲ್ಲ. ಗಾಡಿ ಕಾಯ್ತದೆ ಅಂತ ಒಂದು ಸಾಲು ಹಾಕ್ರಿ ಅಂತ ಅವರಿಗೆ ಹೇಳಕ್ಕಾಗ್ತದಾ?"

"ಅವರಿಗೆ ಬದಲಿಸೋ ಹಕ್ಕಿದೆ ಸುಮಿತ್ರಕ್ಕ. ನಾವೇ ಕೊಟ್ಟಿದೀವಿ. ವಾಪಸ್ ತಗೊಳ್ಳೋಕೆ ಆಗಲ್ಲ."

"ನಾನು ಯಾವಾಗ ಕೊಟ್ಟೆ?"

ಜಗಳದ ದನಿಯಲ್ಲ. ಲಸಿಕೆ ಹಾಕಿಸಿದ ತಾರೀಕು ಕೇಳುವ ನರ್ಸಿನ ದನಿ. ಆ ಶನಿವಾರ ನಾಲ್ವರೂ ಒಪ್ಪಿದೆವಲ್ಲ ಎಂದೆ. ತಾರೀಕು ಎಷ್ಟು ಎಂದರು. ದಿನಚರಿ ತೆಗೆದು ಹೇಳಿದೆ. "ನಾಳೆ ನೋಡಿ ಹೇಳ್ತೀನಿ," ಎಂದರು.

ಅಷ್ಟರಲ್ಲಿ ನಾನು ಹರೀಶನಿಗೆ ಫೋನು ಮಾಡಿದೆ. ಸುಮಿತ್ರಕ್ಕ ಅವತ್ತು ಇದ್ದರು, ನಗುತ್ತಲೂ ಇದ್ದರು, ತಮಗೆ ಚೆನ್ನಾಗಿ ನೆನಪಿದೆ ಎಂದರು ಅವರು. ಗಣಪತಣ್ಣ ಮಾತ್ರ, "ಚೀಲ ಇತ್ತು," ಎಂದರು. ಮರುದಿನ ಸುಮಿತ್ರಕ್ಕ ಉಪಕೇಂದ್ರದ ಹೆರಿಗೆ ದಾಖಲೆ ನೋಡಿ ಹೇಳಿದರು. ಆ ತಾರೀಕು ಸಂಜೆ ಐದೂ ಹತ್ತಕ್ಕೆ ಒಂದು ಹೆಣ್ಣುಮಗು ಹುಟ್ಟಿದೆ, ಹೆರಿಗೆ ಮಾಡಿಸಿದವರ ಸಹಿ ಅವರದೇ. ದಿನಚರಿಯಲ್ಲಿ ನಾನು ಲಾಂಚು ಬಂದ ಹೊತ್ತನ್ನೂ ಬರೆದಿದ್ದೆ. ಐದು ಗಂಟೆ.

ಮೇಲೆ ಜೀಪು, ಹೆರಿಗೆ, "ಚೀಲ ನೋಡ್ಕಳಿ" ಎಂದೆಲ್ಲ ಬರೆದೆನಲ್ಲ, ಅದು ನನಗೆ ಮೊದಲಿನಿಂದ ನೆನಪಿತ್ತೋ, ಆ ದಾಖಲೆ ಕೇಳಿದ ಮೇಲೆ ನೆನಪಾಯಿತೋ ಹೇಳಲಾರೆ. ನೀಲಿ ಚೀಲ ಮುಂದಿಟ್ಟದ್ದು ನಿಜ. ಏಕೆಂದರೆ ದಿನವೂ ಇಡುತ್ತಿದ್ದೆ. "ಮುಕ್ತ ಅಂತ ಬರ್ಕೊಳ್ಳಿ" ಎಂದದ್ದೂ ನಿಜ. ಅವಸರಕ್ಕೆ ಹಾಗಂದೆ ಎಂದುಕೊಳ್ಳಬಹುದು. ಆದರೆ ಏಳು ಮನೆಗಳಲ್ಲಿ ಪುಸ್ತಕವನ್ನು ಪುಸ್ತಕ ಮಾಡುವುದು ಏಳನೆಯದು ಎಂದು ನನಗೆ ಗೊತ್ತಿತ್ತು. ಕಾದು ಕೇಳಿದ್ದರೆ ಅವರು ಇಟ್ಟುಕೊಳ್ಳುತ್ತೇನೆ ಎನ್ನಬಹುದಿತ್ತು ಎಂಬುದೂ ಗೊತ್ತಿತ್ತೇ? ಈ ಪ್ರಶ್ನೆಯ ಮುಂದೆ ದಿನಚರಿ ಹಿಡಿದು ಎಷ್ಟೋ ಸಂಜೆ ಕೂತಿದ್ದೇನೆ. ಏನೂ ಅನ್ನಿಸುವುದಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದ ದವಡೆಯ ಹಾಗೆ, ಮುಟ್ಟಿದ್ದು ಗೊತ್ತಾಗುತ್ತದೆ, ಅಷ್ಟೇ.

ಶೈಲಜಾಗೆ ಹೇಳಿದೆ. "ನಿಂದಲ್ಲದ್ದನ್ನ ನೀನು ಬಿಟ್ಟುಕೊಟ್ಟಿದ್ರೆ ಆ ಬಿಟ್ಟುಕೊಟ್ಟದ್ದೇ ನಿಲ್ಲಲ್ಲ," ಎಂದಳು. "ಆದ್ರೆ ಅದನ್ನ ನೀನೇ ಬರ್ದು ಒಪ್ಕೋಬೇಕು. ನೀನು ಸಂಪಾದಕಿ."

ಗಣಪತಣ್ಣನಿಗೆ ಇದು ಹಿಡಿಸಲಿಲ್ಲ. "ಕೊಟ್ಟು ಕಿತ್ಕಳದು ಅಂದ್ರೆ ಎಂತ ಮರ್ಯಾದಿ? ಅವರು ನಂಬಿ ಮಾಡಿದಾರೆ. ಅವರದ್ದೆಂತ ತಪ್ಪು?"

"ಅವರದ್ದೇನೂ ಇಲ್ಲ. ನಂದು."

"ಹಂಗಾದ್ರೆ ನಿಮ್ಮ ಹೆಸ್ರಲ್ಲೇ ಬರೀರಿ. ನಾಲ್ವರ ಹೆಸ್ರಲ್ಲಿ ಬೇಡ," ಎಂದರು. ಸರಿಯಾದ ಮಾತೇ.

ಬರೆದೆ. ಆ ಗುಂಪಿಗೆ ಬರೆದದ್ದು ಇಷ್ಟು: ಏಳನೇ ಮನೆ ಸುಮಿತ್ರಕ್ಕನದು, ಮುಕ್ತವೆಂದು ಬರೆಸಿದ ಹೊತ್ತಿಗೆ ಅವರು ಅಲ್ಲಿರಲಿಲ್ಲ, ಅವರ ಪರವಾಗಿ ನಾನು ಹೇಳಿದೆ, ನನಗೆ ಆ ಹಕ್ಕಿರಲಿಲ್ಲ. ಚೀಲದ ವಿಷಯ ಮೊದಲ ಕರಡಿನಲ್ಲಿ ಬರೆದು ಆಮೇಲೆ ತೆಗೆದೆ. ಆ ಸಾಲು ಓದಿದರೆ ತಪ್ಪು ನನ್ನದಲ್ಲ, ಪದ್ಧತಿಯದು ಎಂದು ಕಾಣುತ್ತಿತ್ತು. ಕೊನೆಯಲ್ಲಿ, ಸುಮಿತ್ರಕ್ಕ ಕೇಳುವುದು ಒಂದೇ ಸಾಲು, ಆ ಹುಡುಗಿಗೆ ದಾಳ ಬೇಡ, ಗಾಡಿ ಕಾಯಲಿ, ಎಂದು ಸೇರಿಸಿದೆ. ಬಂಗಾರಿ ಯಾರೆಂದು ಬರೆಯಲಿಲ್ಲ. ಅದನ್ನು ಹೇಳುವ ಹಕ್ಕೂ ನನ್ನದಲ್ಲ ಎನ್ನುವುದು ಆ ಹೊತ್ತಿಗೆ ತಲೆಗೆ ಹೋಗಿತ್ತು. ಈಗ ಇಲ್ಲಿ ಬರೆಯುತ್ತಿರುವುದು ಸುಮಿತ್ರಕ್ಕನನ್ನು ಕೇಳಿ, ಅವರು ಒಂದು ವಾರ ಯೋಚಿಸಿ ಹೂಂ ಎಂದ ಮೇಲೆ.

ಉತ್ತರ ಬರಲು ಒಂದು ತಿಂಗಳಾಯಿತು. ಅದನ್ನು ಮುದ್ರಿಸಿಕೊಂಡು, ಹೋದ ವಾರ ತೀರ್ಥಹಳ್ಳಿಯಿಂದ ಹೊಸನಗರ, ಹೊಸನಗರದಿಂದ ಸಾಗರ, ಸಾಗರದಿಂದ ಬ್ಯಾಕೋಡಿನ ಬಸ್ಸು ಹಿಡಿದೆ. ಫೋನಿನಲ್ಲಿ ಓದಿ ಹೇಳಬಹುದಿತ್ತು. ಸೇತುವೆಯ ಮೇಲೆ ಬಸ್ಸು ನಿಧಾನ ಕೂಡ ಮಾಡಲಿಲ್ಲ. ಕಿಟಕಿಯಿಂದ ಶೆಡ್ಡು ಹುಡುಕಿದೆ. ಯಾವ ಕಡೆ ನೋಡಬೇಕೆಂದು ಯೋಚಿಸುವಷ್ಟರಲ್ಲಿ ಆಚೆ ದಡ ಬಂದಿತ್ತು.

ಸುಮಿತ್ರಕ್ಕ ಉಪಕೇಂದ್ರದ ಜಗಲಿಯಲ್ಲಿ ತೂಕದ ಯಂತ್ರ ಒರೆಸುತ್ತಿದ್ದರು. "ಊಟ ಆತಾ?" ಎಂದರು. ಆಗಿದೆ ಎಂದು ಸುಳ್ಳು ಹೇಳಿದೆ. ಕಾಗದ ತೆಗೆದು ಕನ್ನಡದಲ್ಲಿ ಹೇಳುತ್ತ ಹೋದೆ. ಆ ಗುಂಪಿನವರು ಮರ್ಯಾದೆಯಿಂದ ಬರೆದಿದ್ದರು. ವಿಷಾದ ತಿಳಿಸಿದ್ದರು. ಅಂತರಜಾಲದ ಪ್ರತಿಯಿಂದ ಏಳನೇ ಮನೆಯ ನಮ್ಮ ಬರಹ, ಬಂಗಾರಿಯ ಹೆಸರು, ಆ ಚಿತ್ರ, ಸುಮಿತ್ರಕ್ಕನ ಹೆಸರು ಎಲ್ಲ ತೆಗೆದಿದ್ದರು. ಆ ಜಾಗದಲ್ಲಿ ತಮ್ಮದೇ ಮಾತಿನಲ್ಲಿ ಬೇರೊಂದು ಮನೆ ಬರೆದಿದ್ದರು. ಗಾಡಿಯಿಂದ ಒಂದು ಮಗು ಇಳಿಯುತ್ತದೆ, ದಾಳ ಹಾಕಬೇಕು ಎನ್ನುವುದು ಆಟದ ಕ್ರಮ, ಅದು ಯಾರದೂ ಅಲ್ಲವಾದ್ದರಿಂದ ಉಳಿಸಿಕೊಂಡಿದ್ದೇವೆ ಎಂದಿದ್ದರು. ಕಾನೂನಿನಂತೆ ಅದೂ ಸರಿ. ಶೈಲಜಾ ನನಗೆ ಮೊದಲ ದಿನ ಹೇಳಿದ್ದೇ ಅದು.

"ಅಂದ್ರೆ ಬಂಗಾರಿ ಈಗ ಅದ್ರಲ್ಲಿ ಇಲ್ಲ," ಎಂದರು ಸುಮಿತ್ರಕ್ಕ.

"ಇಲ್ಲ."

"ಬೇರೆ ಹುಡ್ಗಿ ಇಳೀತದೆ."

"ಹೂಂ. ಹೆಸರಿಲ್ಲ ಅದಕ್ಕೆ."

ಅವರು ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಯಂತ್ರದ ಮೇಲಿಟ್ಟರು. "ಯಾರ ಮನೆದಾದ್ರೂ ಆಗ್ಲಿ," ಎಂದರು. "ಅದಕ್ಕೂ ಕಾಯ್ಬೋದಿತ್ತು."

ನಮ್ಮ ಪುಸ್ತಕದಲ್ಲಿ ಏಳನೇ ಮನೆಯನ್ನು ಏನು ಮಾಡಬೇಕು ಎಂದು ಕೇಳಿದೆ. ತೆಗೆಯಬೇಕೇ, ಇಟ್ಟು "ಕಾದಿರಿಸಿದ್ದು" ಎಂದು ಬರೆಯಬೇಕೇ. ಈ ಸಲ ಕೇಳಿ, ಉತ್ತರ ಬರುವ ತನಕ ಬಾಯಿ ಮುಚ್ಚಿಕೊಂಡು ಕೂತೆ. ಹಾಲು ಕುಡಿಸಲು ಕಷ್ಟವಾಗುತ್ತಿದೆ ಎಂದು ಒಬ್ಬಳು ಬಾಣಂತಿ ಬಂದಳು, ಅವಳನ್ನು ಒಳಗೆ ಕೂರಿಸಿ ಮಾತಾಡಿಸಿ ಕಳಿಸಿದರು. ಮತ್ತೊಬ್ಬಳು ಬಂದಳು. ಸಂಜೆಯಾಯಿತು.

"ಇನ್ನೂ ಗೊತ್ತಾಗ್ಲಿಲ್ಲ ಮೇಡಂ," ಎಂದರು ಕೊನೆಗೆ, ಬಾಗಿಲು ಹಾಕುತ್ತ.

"ಆಗ್ಲಿ. ಯಾವಾಗ್ಲಾದ್ರೂ ಹೇಳಿ."

ಇಬ್ಬರೂ ರಸ್ತೆಗೆ ಬಂದು ಸಾಗರದ ಬಸ್ಸಿಗೆ ನಿಂತೆವು. ಬಾಣಂತಿಗೆ ಕೊಡಬೇಕಾದ ಮಾತ್ರೆ ಮೇಜಿನ ಮೇಲೇ ಉಳಿದದ್ದು ಅವರಿಗೆ ಆಗ ನೆನಪಾಯಿತು. "ಚೀಲ ಇಲ್ಲಿರ್ಲಿ," ಎಂದು ನೀಲಿ ಚೀಲವನ್ನು ಮೈಲುಗಲ್ಲಿನ ಪಕ್ಕ ಇಟ್ಟು ವಾಪಸು ಹೋದರು. ವೈರು ಹಳತಾಗಿ ಒಂದು ಮೂಲೆಯಲ್ಲಿ ಬಿಳಿ ದಾರದಿಂದ ಹೊಲಿದಿದ್ದರು. ಅವರು ಕಣ್ಮರೆಯಾದ ಸ್ವಲ್ಪ ಹೊತ್ತಿಗೆ ಬಸ್ಸು ಬಂತು. ನಾನು ಒಂದು ಕಾಲು ಮೆಟ್ಟಿಲ ಮೇಲಿಟ್ಟೆ, ಇನ್ನೊಂದನ್ನು ನೆಲದ ಮೇಲೇ ಬಿಟ್ಟೆ.

"ಹತ್ರಿ," ಎಂದರು ಕಂಡಕ್ಟರು. "ಆ ಚೀಲ ಎತ್ಕಳಿ, ಹೋಗಣ."

"ಅದು ನಂದಲ್ಲ."

"ಮತ್ತೆ ಯಾರ್ದು?"

"ಬರ್ತಾರೆ."

ಡ್ರೈವರು ಹಾರ್ನ್ ಹಾಕಿದರು. ಒಳಗಿನಿಂದ ಯಾರೋ ಹೊತ್ತಾಯಿತೆಂದು ಗೊಣಗಿದರು. ಕಂಡಕ್ಟರು ನನ್ನ ಕಾಲು ನೋಡಿದರು, ಚೀಲ ನೋಡಿದರು, ಸುಮಿತ್ರಕ್ಕ ಹೋದ ದಾರಿ ನೋಡಿದರು. ಅಲ್ಲಿ ಇನ್ನೂ ಯಾರೂ ಕಾಣುತ್ತಿರಲಿಲ್ಲ. ನಾನು ಕಾಲು ತೆಗೆಯಲಿಲ್ಲ.